ಬ್ಯಾಟರಿ ಗ್ರಾಸ್ ಟ್ರಿಮ್ಮರ್: ಹಲವು ಮಳೆಗಾಲ ಬಳಸಿದ ಮೇಲೆ

ಮೈಸೂರಿನ ಬೋಗಾದಿ ಕಡೆ ಮನೆ ಇರುವವರಿಗೆ ಗೊತ್ತು, ಜೂನ್ ಮಳೆ ಸ್ವಲ್ಪ ಚೆನ್ನಾಗಿ ಬಿತ್ತು ಅಂದರೆ ಕಾಂಪೌಂಡ್ ಒಳಗೆ ಗರಿಕೆ, ಜೇಕು ಎಲ್ಲ ಮೊಣಕಾಲೆತ್ತರ ಬಂದುಬಿಡುತ್ತದೆ. ಅದಕ್ಕೇ 20 ವೋಲ್ಟ್‌ನ ಬ್ಯಾಟರಿ ಟ್ರಿಮ್ಮರ್ ತಗೊಂಡಿದ್ದು. ಮನೆ ಸುತ್ತಲಿನ ಜಾಗಕ್ಕೆ ಧಾರಾಳವಾಗಿ ಸಾಕು. ಹೊಗೆ ಇಲ್ಲ, ಭಾರ ಇಲ್ಲ, ಪೆಟ್ರೋಲ್ ಯಂತ್ರದ ಗಲಾಟೆಯೂ ಇಲ್ಲ. ಕತ್ತರಿಸುವ ಕೆಲಸಕ್ಕೆ ಪೂರ್ತಿ ಅಂಕ.

ಕೊಳ್ಳುವವರು ಎಲ್ಲರೂ ಮೋಟರ್ ಶಕ್ತಿ ಎಷ್ಟು ಅಂತ ಕೇಳುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಗಾರ್ಡ್. ಹುಲ್ಲು ಕತ್ತರಿಸುವ ನೈಲಾನ್ ದಾರ ತಿರುಗುವ ತಲೆಯ ಹಿಂದೆ, ನಮ್ಮ ಕಾಲಿನ ಕಡೆಗೆ ಮೊರದ ಹಾಗೆ ಒಂದು ಪ್ಲಾಸ್ಟಿಕ್ ಮರೆ ಇರುತ್ತಲ್ಲ, ಅದು. ಹುಲ್ಲು ಸಿಕ್ಕಿಕೊಳ್ಳುತ್ತೆ ಅಂತ ಎಷ್ಟೋ ಜನ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರ ಅಂಚನ್ನು ಹತ್ತಿರದಿಂದ ನೋಡಿ. ಹೆಬ್ಬೆರಳ ಉಗುರಿನಷ್ಟು ಒಂದು ಬ್ಲೇಡ್ ಕೂತಿರುತ್ತದೆ. ನೈಲಾನ್ ದಾರ ಜಾಸ್ತಿ ಉದ್ದ ಬಂದರೆ ಅಳತೆಗೆ ಕತ್ತರಿಸುವುದು ಅದೇ. ಗಾರ್ಡ್ ಇಲ್ಲದಿದ್ದರೆ ದಾರ ಉದ್ದವಾಗೇ ಉಳಿಯುತ್ತದೆ, ಮೋಟರ್ ಮೇಲೆ ಹೊರೆ ಬಿದ್ದು ಬಿಸಿಯಾಗುತ್ತದೆ. ಕಾಲಿಗೂ ಕುತ್ತು, ಯಂತ್ರಕ್ಕೂ ಕುತ್ತು.

ನಮ್ಮ ಹೊಸ ಬಡಾವಣೆಗಳ ಮಣ್ಣಲ್ಲಿ ಮನೆ ಕಟ್ಟಿದಾಗಿನ ಜಲ್ಲಿ, ಟೈಲ್ಸ್ ಚೂರು, ಕಂಬಿ ಕಟ್ಟಿದ ತಂತಿ ಎಲ್ಲ ಹಾಗೇ ಇರುತ್ತವೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ದಾರಕ್ಕೆ ಇವು ಸಿಕ್ಕರೆ ಯಾವ ದಿಕ್ಕಿಗೆ ಹಾರುತ್ತವೋ ಹೇಳಕ್ಕಾಗಲ್ಲ. ಹಾಗಾಗಿ ಶುರು ಮಾಡುವ ಮುಂಚೆ ಕೋಲು ಹಿಡಿದು ಇಡೀ ಜಾಗ ಒಂದು ಸುತ್ತು ಬಡಿಯುತ್ತಾ ನಡೆಯುತ್ತೇನೆ. ಚೂರುಗಳನ್ನು ಆಯ್ದ ಹಾಗೂ ಆಯಿತು, ಹಾವು ಗೀವು ಇದ್ದರೆ ಸರಿದುಹೋಗಲು ಸಮಯವೂ ಸಿಕ್ಕಿತು. ಮಕ್ಕಳು, ನಾಯಿ ಮನೆ ಒಳಗೇ ಇರಬೇಕು. ಕಾರು ಗೇಟಿನ ಆಚೆ.

ಒಂದು ದೂರು ಇದೆ. ಬಳಸಿ ಬಳಸಿ ಗಾರ್ಡ್ ಬಿರುಕು ಬಿಟ್ಟಿತು. ಬಿಡಿಭಾಗ ಕೇಳಿದರೆ ಸರ್ವಿಸ್ ಸೆಂಟರ್‌ನವರು ವಾರಗಟ್ಟಲೆ ಕಾಯಿಸಿದರು. ಮೇಲಾಗಿ, 'ಗಾರ್ಡ್ ಇಲ್ದೇನೆ ಹೊಡೀರಿ ಸಾರ್, ಏನೂ ಆಗಲ್ಲ' ಅಂದರು. ಯಂತ್ರ ಮಾರುವವರ ಬಾಯಲ್ಲಿ ಇಂಥ ಮಾತು ಬರಬಾರದು. ಗಾರ್ಡ್ ಬರುವವರೆಗೆ ಕುಡುಗೋಲಲ್ಲೇ ಕೊಯ್ಸಿದೆ. ಒಂದು ಅಂಕ ಕಡಿಮೆ ಕೊಡುತ್ತಿರುವುದು ಇದಕ್ಕೇ. ಇನ್ನು ಕೆಲವು ಅಂಗಡಿಗಳಲ್ಲಿ ದಾರದ ಬದಲು ಕಬ್ಬಿಣದ ಹಲ್ಲಿನ ಬ್ಲೇಡ್ ಹಾಕಿಕೊಳ್ಳಿ ಅಂತ ಕೊಡುತ್ತಾರೆ. ಕೈಪಿಡಿಯಲ್ಲಿ ಅದಕ್ಕೆ ಅನುಮತಿ ಇಲ್ಲದಿದ್ದರೆ ಮುಟ್ಟಲೇಬೇಡಿ. ದಾರಕ್ಕೆ ಅಂತ ಮಾಡಿದ ಗಾರ್ಡ್ ಒಡೆದ ಬ್ಲೇಡನ್ನು ತಡೆಯಲ್ಲ.

ತೋಟದ ಕೆಲಸಕ್ಕೆ ಬರುವವರು ಸಾಮಾನ್ಯವಾಗಿ ಹವಾಯಿ ಚಪ್ಪಲಿಯಲ್ಲೇ ಬರುತ್ತಾರೆ, ಅಲ್ವಾ? ಅವರಿಗೆ ಅಂತ ಒಂದು ಜೊತೆ ಗಟ್ಟಿ ಬೂಟು, ಪಕ್ಕದಲ್ಲೂ ಮುಚ್ಚುವ ಕನ್ನಡಕ ಮನೆಯಲ್ಲೇ ಇಟ್ಟಿದ್ದೇನೆ. ಓದುವ ಕನ್ನಡಕ ಇದಕ್ಕೆ ಸಾಲದು, ಪಕ್ಕದಿಂದ ಚೂರು ನುಗ್ಗುತ್ತದೆ. ನನ್ನ ಕಣ್ಣಿಗೆ ಬೇಕಾದ್ದು ಅವರ ಕಣ್ಣಿಗೂ ಬೇಕು. ಅವರು ಕೂಲಿಗೆ ಬಂದವರು ಅನ್ನೋದು ಅಲ್ಲಿ ಲೆಕ್ಕಕ್ಕೆ ಬರಬಾರದು.

ಎಳೆ ಮಾವು, ಸಂಪಿಗೆ ಸಸಿ ಇದ್ದರೆ ಬುಡಕ್ಕೆ ಸೀಳಿದ ಪಿವಿಸಿ ಪೈಪ್ ತುಂಡು ತೊಡಿಸಿ. ದಾರ ತೊಗಟೆಯನ್ನು ಸುತ್ತಲೂ ಸವರಿಬಿಟ್ಟರೆ ಗಿಡ ಒಣಗಿಹೋಗುತ್ತದೆ. ಹೂ ಬಿಟ್ಟ ಕಾಂಗ್ರೆಸ್ ಗಿಡಕ್ಕಂತೂ ಈ ಯಂತ್ರ ಬೇಡ. ಪುಡಿಯೆಲ್ಲ ಮುಖಕ್ಕೆ ಎರಚುತ್ತದೆ, ಅಲರ್ಜಿ ಇರುವವರಿಗೆ ಮೈ ತುರಿಕೆ, ಉಬ್ಬಸ. ಬುಡ ಉಳಿದರೆ ಮತ್ತೆ ಚಿಗುರುತ್ತದೆ ಬೇರೆ. ಹೂ ಬಿಡುವ ಮೊದಲೇ, ನೆಲ ಒದ್ದೆ ಇದ್ದಾಗ, ಗ್ಲೌಸ್ ಹಾಕಿ ಬೇರು ಸಮೇತ ಕಿತ್ತರೆ ಸಲೀಸು.

ಕೆಲಸ ಮುಗಿದ ಕೂಡಲೇ ಮೊದಲು ಬ್ಯಾಟರಿ ಹೊರಗೆ ತೆಗೆಯುತ್ತೇನೆ, ಆಮೇಲೇ ತಲೆಗೆ ಕೈ ಹಾಕುವುದು. ಗಾರ್ಡ್ ಒಳಗೆ ಮೆತ್ತಿದ ಹಸಿರು ಲೋಳೆಯನ್ನು ಹಸಿ ಇದ್ದಾಗಲೇ ತೆಂಗಿನ ನಾರಿನಿಂದ ಉಜ್ಜಬೇಕು. ಮಾರನೇ ದಿನಕ್ಕೆ ಬಿಟ್ಟರೆ ಗಾರೆ ಹಾಗೆ ಗಟ್ಟಿಯಾಗುತ್ತದೆ. ಬಿಸಿ ಬ್ಯಾಟರಿಯನ್ನು ಹಾಗೇ ಚಾರ್ಜಿಗೆ ಹಾಕಬೇಡಿ, ಆರಲಿ. ಅಂದಹಾಗೆ, ಡಬ್ಬಿ ಮೇಲೆ 20 ಅಂತ ಇದ್ದರೂ, ಇದು ಐದು ಸೆಲ್ಲಿನ ಬ್ಯಾಟರಿ, ಕೆಲಸ ಮಾಡುವಾಗ 18 ವೋಲ್ಟ್. 18 ಅಂತ ಬರೆದದ್ದು ಕಡಿಮೆ ಮಾಲು ಅಂತ ತಿಳಿಯಬೇಡಿ.

ಮದರಂಗಿ ಬೇಲಿಗೆ ಮಾತ್ರ ವೈರ್ ಇರುವ ಹೆಡ್ಜ್ ಟ್ರಿಮ್ಮರ್ ಇದೆ. ಅದಕ್ಕೆ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರುವ ಲೈನ್ ಬೇಕೇ ಬೇಕು. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಿಂದ ಪೂರ್ತಿ ಬಿಚ್ಚಿ, ಸುತ್ತಿದ ವೈರ್ ಒಳಗೊಳಗೇ ಕಾಯುತ್ತದೆ. ವೈರ್ ಹೆಗಲ ಮೇಲಿಂದ ಬೆನ್ನ ಹಿಂದೆ ಹೋಗಲಿ. ಇಬ್ಬನಿ ಆರದೆ, ಮಳೆ ಹನಿ ಇರುವಾಗ ಪ್ಲಗ್ ಹಾಕುವುದೇ ಇಲ್ಲ.

ಮಂಡ್ಯ ಕಡೆ ಕಬ್ಬಿನ ಗದ್ದೆ ಬದು ಸವರಬೇಕು ಅನ್ನುವವರಿಗೆ ಈ ಬ್ಯಾಟರಿ ಸಾಲದು, ಪೆಟ್ರೋಲ್ ಬ್ರಷ್ ಕಟರ್ರೇ ನೋಡಿ. ಮನೆ ಅಂಗಳಕ್ಕೆ ಇದು ಸರಿ. ದುಡ್ಡು ಕೊಡುವ ಮೊದಲು ಬಿಡಿ ಗಾರ್ಡ್ ಸ್ಟಾಕ್ ಇದೆಯಾ ಅಂತ ಅಂಗಡಿಯಲ್ಲೇ ಕೇಳಿ.