ಬೆಹ್ರಿಂಗರ್ ಎಕ್ಸ್32: ರೂಟಿಂಗ್ ಪುಟಕ್ಕೆ ಹೆದರಬೇಡಿ

ಬೆಹ್ರಿಂಗರ್ ಕಂಪನಿಯ ಡಿಜಿಟಲ್ ಸೌಂಡ್ ಮಿಕ್ಸರ್ ಎಕ್ಸ್32 ಬಂದಿದ್ದು 2012ರಲ್ಲಿ. ಇಷ್ಟು ಹಳೇ ಮಿಕ್ಸರ್ ಈಗ ತಗೊಳ್ಳಬಹುದಾ? ಕಾರ್ಯಕ್ರಮವನ್ನೂ ನಡೆಸಬೇಕು, ಅದನ್ನೇ ಮಲ್ಟಿಟ್ರ್ಯಾಕ್ (ಒಂದೊಂದು ಮೈಕೂ ಬೇರೆಬೇರೆಯಾಗಿ) ರೆಕಾರ್ಡ್ ಕೂಡ ಮಾಡಬೇಕು ಅನ್ನುವವರಾದರೆ ಧಾರಾಳವಾಗಿ ತಗೊಳ್ಳಿ. ಆದರೆ ಯಾವ ಸಿಗ್ನಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ರೂಟಿಂಗ್ ಪುಟದ ಮುಂದೆ ಒಂದು ಸಂಜೆ ಕೂರದೆ ಅದನ್ನು ಕಾರ್ಯಕ್ರಮಕ್ಕೆ ಒಯ್ಯಬೇಡಿ.

ಅನಲಾಗ್ ಮಿಕ್ಸರ್ ಬಳಸಿದವರಿಗೆ ತಲೆ ತಿರುಗುವುದೇ ಇಲ್ಲಿ. ಮಿಕ್ಸರ್ ಹಿಂಬದಿಯ 5ನೇ ಸಾಕೆಟ್‌ಗೆ ಮೈಕ್ ಚುಚ್ಚಿದರೆ ಅದು 5ನೇ ಚಾನೆಲ್ಲಿನ ಸದ್ದು ಏರಿಸಿ ಇಳಿಸುವ ಫೇಡರ್‌ಗೇ ಬರಬೇಕು ಅಂತಿಲ್ಲ. ಸಾಕೆಟ್ ಬೇರೆ, ಚಾನೆಲ್ ಬೇರೆ. ಚಾನೆಲ್‌ಗೆ ಸಿಗ್ನಲ್ ಮಿಕ್ಸರ್ ಹಿಂದಿನ ಸಾಕೆಟ್‌ನಿಂದ ಬರಬೇಕಾ, ವೇದಿಕೆಯ ಸ್ಟೇಜ್‌ಬಾಕ್ಸ್‌ನಿಂದ (ಮೈಕ್ ಚುಚ್ಚುವ ಪೆಟ್ಟಿಗೆ) ಎಇಎಸ್50 ಅನ್ನುವ ಡಿಜಿಟಲ್ ಕೇಬಲ್ ಮೂಲಕ ಬರಬೇಕಾ, ಲ್ಯಾಪ್‌ಟಾಪ್‌ನಿಂದ ಬರಬೇಕಾ ಅಂತ ನಾವೇ ಹೇಳಬೇಕು, ಅದೂ ಎಂಟೆಂಟರ ಗುಂಪಿನಲ್ಲಿ. ಈ ಎಂಟರ ಲೆಕ್ಕ ಕಿರಿಕಿರಿಯೇ. 4.0 ಫರ್ಮ್‌ವೇರ್‌ನಲ್ಲಿ (ಮಿಕ್ಸರ್ ಒಳಗಿನ ಸಾಫ್ಟ್‌ವೇರ್) ಯೂಸರ್ ಇನ್ ಅನ್ನುವ ಸೌಲಭ್ಯ ಬಂದ ಮೇಲೆ ಒಂದೊಂದೇ ಇನ್‌ಪುಟ್ ಆರಿಸಬಹುದು, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಅಪ್‌ಡೇಟ್ ಮಾಡಿ.

ಈಗ ರೆಕಾರ್ಡಿಂಗ್. ಮಿಕ್ಸರ್ ಒಳಗಿರುವ ಯುಎಸ್‌ಬಿ ಕಾರ್ಡಿನಿಂದ ಲ್ಯಾಪ್‌ಟಾಪ್‌ಗೆ 32 ಟ್ರ್ಯಾಕ್ ಹೋಗುತ್ತದೆ, 32 ವಾಪಸ್ ಬರುತ್ತದೆ. ಕಾರ್ಡ್ ಔಟ್‌ಗೆ (ಕಾರ್ಡಿಗೆ ಏನು ಹೋಗಬೇಕು ಅಂತ ಹೇಳುವ ಜಾಗ) ಲೋಕಲ್ ಇನ್‌ಪುಟ್, ಅಂದರೆ ಮಿಕ್ಸರ್ ಹಿಂದಿನ ಸಾಕೆಟ್, ಕೊಟ್ಟರೆ ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಭಾಗ) ದಾಟಿದ ಕೂಡಲೇ ಸಿಗ್ನಲ್ ಅತ್ತ ಕವಲೊಡೆಯುತ್ತದೆ. ಸದ್ದು ತಿದ್ದುವ ಗೇಟ್, ಇಕ್ಯೂ, ಕಂಪ್ರೆಸರ್ ಆಗಲಿ, ಫೇಡರ್, ಮ್ಯೂಟ್ ಆಗಲಿ ಯಾವುದೂ ಅದಕ್ಕೆ ತಟ್ಟುವುದಿಲ್ಲ. ಗೇನ್ (ಪ್ರೀಆಂಪ್ ಎಷ್ಟು ಹಿಗ್ಗಿಸಬೇಕು ಅನ್ನುವುದು) ಮಾತ್ರ ತಟ್ಟುತ್ತದೆ, ಹಾಗಾಗಿ ಗಾಯಕರು ಮೇಲಿನ ಷಡ್ಜಕ್ಕೆ ಹೋದಾಗಲೂ ಕ್ಲಿಪ್ ಆಗದಷ್ಟು (ಸದ್ದು ಒಡೆಯದಷ್ಟು) ಜಾಗ ಬಿಟ್ಟು ಗೇನ್ ಇಡಿ. ಫೇಡರ್ ಜೊತೆ ಏನು ಬೇಕಾದರೂ ಮಾಡಿಕೊಳ್ಳಿ.

ಇದೇ ಟ್ರ್ಯಾಕ್‌ಗಳನ್ನು ಕಾರ್ಡ್‌ನಿಂದ ಚಾನೆಲ್‌ಗೆ ವಾಪಸ್ ಬಿಟ್ಟರೆ, ಕಲಾವಿದರು ಮನೆಗೆ ಹೋದ ಮೇಲೂ ಸೌಂಡ್‌ಚೆಕ್ ಮಾಡುತ್ತಾ ಕೂರಬಹುದು. ನನಗಂತೂ ಈ ಮಿಕ್ಸರ್‌ನಲ್ಲಿ ತುಂಬಾ ಇಷ್ಟವಾದದ್ದು ಇದೇ. ಮುಗಿದ ಮೇಲೆ ಇನ್‌ಪುಟ್ ರೂಟಿಂಗ್ ಹಿಂದಕ್ಕೆ ತಿರುಗಿಸಿ, ಇಲ್ಲದಿದ್ದರೆ ಮರುದಿನ ಮೈಕ್‌ಗಳೆಲ್ಲಾ ಮೂಕ!

ಮಿಕ್ಸರ್ ಮೇಲ್ಭಾಗದಲ್ಲಿರುವ ಯುಎಸ್‌ಬಿ ಸ್ಟಿಕ್ ರೆಕಾರ್ಡರ್ ಬೇರೆ ಕಥೆ. ಅದು ಎರಡೇ ಟ್ರ್ಯಾಕ್. ಅದಕ್ಕೆ ಮುಖ್ಯ ಸ್ಪೀಕರ್‌ಗಳಿಗೆ ಹೋಗುವ ಎಡ-ಬಲ ಮಿಕ್ಸ್, ಅಂದರೆ ಮೇನ್ ಎಲ್‌ಆರ್ ಕೊಟ್ಟರೆ ಸಭಾಂಗಣಕ್ಕೆ ಮಾಡಿದ ಮಿಕ್ಸೇ ರೆಕಾರ್ಡ್ ಆಗುತ್ತದೆ. ಒಳಾಂಗಣದ ಯಕ್ಷಗಾನ ತಗೊಳ್ಳಿ, ಚೆಂಡೆಯ ಸದ್ದು ಮೈಕ್ ಇಲ್ಲದೆಯೇ ಕೊನೇ ಸಾಲಿನ ತನಕ ಹೋಗುತ್ತದೆ, ಅದರ ಫೇಡರ್ ಯಾರೂ ಏರಿಸುವುದಿಲ್ಲ, ಆಮೇಲೆ ಫೈಲ್ ಕೇಳಿದರೆ ಭಾಗವತರು ಇಲ್ಲೇ ಇದ್ದಾರೆ, ಚೆಂಡೆ ಪಕ್ಕದ ಊರಲ್ಲಿದೆ. ಅದಕ್ಕೇ ಎರಡು ಬಸ್ (ಬೇರೆ ಮಿಕ್ಸ್ ಕಟ್ಟುವ ದಾರಿ) ಲಿಂಕ್ ಮಾಡಿ, ಪ್ರೀ ಫೇಡರ್ (ಫೇಡರ್ ಮುಟ್ಟುವ ಮೊದಲೇ ಸಿಗ್ನಲ್ ತೆಗೆಯುವುದು) ಇಟ್ಟು, ಬೇರೆಯೇ ಮಿಕ್ಸ್ ಮಾಡಿ ರೆಕಾರ್ಡರ್‌ಗೆ ಅದನ್ನು ಕೊಡಿ. 16 ಬಸ್ ಇವೆ, ಎರಡು ಹೋದರೆ ಏನಂತೆ?

ಇಕ್ಯೂ, ಕಂಪ್ರೆಸರ್ ಸಮೇತ ಒಂದೊಂದು ಚಾನೆಲ್ಲನ್ನೂ ರೆಕಾರ್ಡ್ ಮಾಡಬೇಕು ಅಂದರೆ ಮಾತ್ರ ಸುತ್ತು ಜಾಸ್ತಿ. ಡೈರೆಕ್ಟ್ ಔಟ್‌ಗಳನ್ನು (ಒಂದೊಂದು ಚಾನೆಲ್ಲಿನ ನೇರ ಸಿಗ್ನಲ್) ಮಿಕ್ಸರ್‌ನ ಔಟ್‌ಪುಟ್‌ಗಳಾದ ಔಟ್ 1ರಿಂದ 16ಕ್ಕೆ ಹಾಕಿ, ಆ ಗುಂಪನ್ನು ಕಾರ್ಡ್ ಔಟ್‌ಗೆ ಕೊಡಬೇಕು. ಸ್ಪೀಕರ್, ಮಾನಿಟರ್‌ಗೂ ಅದೇ 16 ಬೇಕಲ್ವಾ, ಬೇಗ ಖಾಲಿಯಾಗುತ್ತದೆ.

ಸ್ಯಾಂಪಲ್ ರೇಟ್ 96 ಕಿಲೋಹರ್ಟ್ಸ್ ಇಲ್ಲ, 48ಕ್ಕೇ ನಿಲ್ಲುತ್ತದೆ. ನನಗೆ ಅದರಿಂದ ತೊಂದರೆ ಇಲ್ಲ. ಲ್ಯಾಪ್‌ಟಾಪ್ ಸಹವಾಸವೇ ಬೇಡ ಅನ್ನುವವರು ಎಕ್ಸ್-ಲೈವ್ ಕಾರ್ಡ್ ಹಾಕಿಸಿಕೊಳ್ಳಿ, 32 ಟ್ರ್ಯಾಕೂ ನೇರವಾಗಿ ಎಸ್‌ಡಿ ಕಾರ್ಡ್‌ಗೆ ಇಳಿಯುತ್ತದೆ.