ಟಿಂಟ್ ತೆಗೆಯುವ ಕಿಟ್ ತರಿಸೋ ಮುಂಚೆ ಇದನ್ನು ಓದಿ: ಹಿಂದಿನ ಗಾಜಿಗೆ ಬ್ಲೇಡ್ ಬೇಡವೇ ಬೇಡ

ಕಾರಿನ ಗಾಜಿಗೆ ಅಂಟಿಸಿದ ಹಳೇ ಟಿಂಟ್ ಫಿಲ್ಮ್ (ಬಿಸಿಲು ತಡೆಯುವ ಬಣ್ಣದ ಹಾಳೆ) ಮನೆಯಲ್ಲೇ ತೆಗೆಯೋಣ ಅಂತಿರುವವರು ದಯವಿಟ್ಟು ಪೂರ್ತಿ ಓದಿ. "ಕಾರಿನ ಎಲ್ಲ ಗಾಜಿಗೂ ಆಗುತ್ತೆ, ಸ್ಪ್ರೇ ಮಾಡಿ, ಐದು ನಿಮಿಷ ಬಿಡಿ, ಕೆರೆಯಿರಿ" ಅಂತ ಹೇಳಿ ಮಾರುವ ಕಿಟ್ ಇದೆಯಲ್ಲ, ಅದರ ಬ್ಲೇಡ್ ನನ್ನ ಕಾರಿನ ಹಿಂದಿನ ಗಾಜಿನ ಡಿಫಾಗರ್ ಗೆರೆಗಳನ್ನು, ಅಂದರೆ ಕರೆಂಟ್ ಹರಿದು ಬಿಸಿಯಾಗಿ ಮಂಜು ಕರಗಿಸುವ ಗೆರೆಗಳನ್ನು, ಕೆರೆದು ಹಾಕಿದೆ. ಮಾರಿದವರು ಕೈ ತೊಳೆದುಕೊಂಡಿದ್ದಾರೆ.

ಕಿಟ್‌ನಲ್ಲಿ ಇರುವುದಾದರೂ ಏನು? ಒಂದು ಬಾಟಲಿ ದ್ರಾವಣ, ಸ್ಟೀಲ್ ಬ್ಲೇಡ್ ಹಾಕಿದ ಸ್ಕ್ರೇಪರ್, ಒಂದು ಬಟ್ಟೆ. "ವಾಸನೆಯಿಲ್ಲದ ವಿಶೇಷ ಫಾರ್ಮುಲಾ" ಅಂದಿದ್ದರು. ಮುಚ್ಚಳ ತೆಗೆದರೆ ಅಮೋನಿಯಾದ ಘಾಟು ಕಣ್ಣಿಗೆ ಹೊಡೆಯುತ್ತೆ. ಮಾರುವ ಪುಟದಲ್ಲಿ ಹಿಂದಿನ ಗಾಜಿನ ಫೋಟೋನೇ ಹಾಕಿದ್ದರು, ಗೆರೆಗಳು ಎದ್ದು ಕಾಣುವ ಹಾಗೆ. ಕೆಲಸ ಶುರುವಾಗಿ ಬ್ಲೇಡಿನ ಅಂಚಿಗೆ ಅಂಟಿನ ಜೊತೆ ಕಂದು ಬಣ್ಣದ ಸಣ್ಣ ಚೂರುಗಳು ಬಂದಾಗಲೇ ಗೊತ್ತಾಗಿದ್ದು, ಅದು ಅಂಟಲ್ಲ, ಗೆರೆ ಅಂತ. ಆಮೇಲೆ ಡಬ್ಬಿಯ ತಳದಲ್ಲಿ ಮಡಚಿಟ್ಟ ಹಾಳೆಯ ಕೊನೇ ಸಾಲು: "ಹೀಟಿಂಗ್ ಗೆರೆ ಇರುವ ಗಾಜಿಗೆ ಬ್ಲೇಡ್ ಬಳಸಬಾರದು." ಫೋಟೋ ಹಾಕಿ ದುಡ್ಡು ತಗೊಳ್ಳುವಾಗ ಒಂದು ಮಾತು, ಡಬ್ಬಿಯೊಳಗೆ ಸಾಸಿವೆ ಗಾತ್ರದ ಅಕ್ಷರದಲ್ಲಿ ಇನ್ನೊಂದು ಮಾತು. ಮೋಸ ಅನ್ನದೆ ಇನ್ನೇನು ಅನ್ನಬೇಕು?

ಅವರ ಉತ್ತರಗಳನ್ನೂ ಕೇಳಿ. ಮೊದಲು, "ಹಾಳೆಯಲ್ಲಿ ಬರೆದಿದೆಯಲ್ಲ." ಮಾರಾಟದ ಪುಟದ ಫೋಟೋ ಕಳಿಸಿದ ಮೇಲೆ, "ಅದು ಮಾದರಿ ಚಿತ್ರ ಮಾತ್ರ." ಕಿತ್ತುಹೋದ ಗೆರೆಗಳ ಫೋಟೋ ಕಳಿಸಿದ ಮೇಲೆ, "ನಿಮ್ಮ ಗಾಜು ಹಳೇದು, ಗೆರೆ ಫಿಲ್ಮ್ ಜೊತೆ ತಾನಾಗಿಯೇ ಬಂದಿದೆ." ಕೊನೆಗೆ, "ಬಾಟಲಿ ತೆರೆದಿದ್ದೀರಿ, ವಾಪಸ್ ಇಲ್ಲ." ಮೂರನೆಯ ಉತ್ತರ ಶುದ್ಧ ಸುಳ್ಳು. ಆ ಗೆರೆಗಳು ಬೆಳ್ಳಿ ಬೆರೆಸಿದ ಪೇಸ್ಟ್. ಗಾಜಿನ ಒಳಮೈಗೆ ಅಚ್ಚು ಹಾಕಿ ಕುಲುಮೆಯಲ್ಲಿ ಕಾಯಿಸಿ ಕೂರಿಸಿರುತ್ತಾರೆ. ಫಿಲ್ಮ್ ಎಳೆದು ಕಿತ್ತು ಬಂದರೆ ಗೆರೆಯುದ್ದಕ್ಕೂ ಅಂಕುಡೊಂಕಾಗಿ ಹೋಗಿರುತ್ತೆ. ಇಲ್ಲಿ ಪಕ್ಕಪಕ್ಕದ ಗೆರೆಗಳು ಒಂದೇ ನೇರದಲ್ಲಿ, ಬ್ಲೇಡಿನ ಅಗಲಕ್ಕೆ ಸರಿಯಾಗಿ ಕಡಿದಿವೆ. ಇದನ್ನೂ ಬರೆದು ಕಳಿಸಿದ್ದಾಯಿತು. ಅದಕ್ಕೆ ಉತ್ತರವೇ ಇಲ್ಲ.

ಈಗ ನಿಜವಾಗಿ ಹೇಗೆ ತೆಗೆಯಬೇಕು ಅನ್ನುವುದು. ಇದಕ್ಕೆ ಯಾವ ಕಿಟ್ಟೂ ಬೇಡ.

ಫಿಲ್ಮ್ ಅಂದರೆ ಪಾಲಿಯೆಸ್ಟರ್ ಹಾಳೆ, ಅದರ ಹಿಂದೆ ಅಕ್ರಿಲಿಕ್ ಅಂಟು. ಅಂಟು ಮೆತ್ತಗಾಗುವುದು ಬಿಸಿಗೆ, ಐದು ನಿಮಿಷದ ಸ್ಪ್ರೇಗಲ್ಲ. ಮೇಲಿನಿಂದ ಹೊಡೆದ ದ್ರಾವಣ ಪಾಲಿಯೆಸ್ಟರ್ ದಾಟಿ ಒಳಗೆ ಹೋಗುವುದು ಕಷ್ಟ, ಅಂಚಿನಲ್ಲಿ ಮಾತ್ರ ಸ್ವಲ್ಪ ಇಳಿಯುತ್ತೆ. ಬಟ್ಟೆಗೆ ಹಿಡಿಯುವ ಸ್ಟೀಮರ್ ಇದ್ದರೆ ಅದೇ ಅತ್ಯುತ್ತಮ, ಇಲ್ಲದಿದ್ದರೆ ಹೇರ್ ಡ್ರೈಯರ್. ಹೀಟ್ ಗನ್ ಆದರೆ ಒಂದೇ ಕಡೆ ನಿಲ್ಲಿಸಬೇಡಿ. ತಣ್ಣಗಿರುವ ಗಾಜಿನ ಒಂದೇ ಜಾಗ ಕಾದರೆ ಗಾಜು ಸೀಳಬಹುದು, ರಬ್ಬರ್ ಬೀಡಿಂಗ್ ಕರಗಬಹುದು. ಮೂಲೆಯನ್ನು ಚೆನ್ನಾಗಿ ಬಿಸಿ ಮಾಡಿ, ಉಗುರಿನಿಂದ ಎಬ್ಬಿಸಿ, ಫಿಲ್ಮನ್ನು ಅದರ ಮೇಲೇ ಮಡಚಿದ ಹಾಗೆ ಹಿಂದಕ್ಕೆ ನಿಧಾನವಾಗಿ ಎಳೆಯಿರಿ. ಎಳೆಯುವ ಜಾಗಕ್ಕೆ ಬಿಸಿ ಬೀಳುತ್ತಲೇ ಇರಬೇಕು. ನಿಧಾನ ಅಂದರೆ ನಿಜಕ್ಕೂ ನಿಧಾನ. ರಪ್ಪಂತ ಎಳೆದರೆ ಮೇಲಿನ ಪದರ ಮಾತ್ರ ಬಂದು, ಅಂಟು ಹಿಡಿದ ತೆಳು ಪದರ ಗಾಜಿಗೇ ಉಳಿಯುತ್ತೆ. ನೇರಳೆ ಬಣ್ಣಕ್ಕೆ ತಿರುಗಿ, ಗುಳ್ಳೆ ಎದ್ದು, ಮುಟ್ಟಿದರೆ ಪುಡಿಯಾಗುವ ಫಿಲ್ಮ್ ಚೂರುಚೂರಾಗಿಯೇ ಬರುತ್ತೆ, ಅದಕ್ಕೆ ಸ್ಟೀಮ್ ಬಿಟ್ಟರೆ ದಾರಿಯಿಲ್ಲ.

ಪಕ್ಕದ ಗಾಜುಗಳಲ್ಲಿ ಉಳಿದ ಅಂಟಿಗೆ ಸೋಪು ನೀರು ಅಥವಾ ಐಸೊಪ್ರೊಪಿಲ್ ಆಲ್ಕೋಹಾಲ್ ಸಾಕು. ಬ್ಲೇಡ್ ಹಿಡಿಯುವುದಾದರೆ ಇಲ್ಲಿ ಮಾತ್ರ, ಅದೂ ಗಾಜಿನಲ್ಲಿ ಆಂಟೆನಾ ಗೆರೆ ಇಲ್ಲ ಅಂತ ನೋಡಿಕೊಂಡು. ಹೊಸ ಬ್ಲೇಡ್, ಒದ್ದೆ ಗಾಜು, ಸುಮಾರು 30 ಡಿಗ್ರಿ ಕೋನ, ಮುಂದಕ್ಕೆ ಮಾತ್ರ ತಳ್ಳುವುದು. ಹಿಂದಕ್ಕೆ ಎಳೆದರೆ ಬ್ಲೇಡಿನಡಿ ಸಿಕ್ಕ ಮಣ್ಣಿನ ಕಣ ಗಾಜಿನ ಮೇಲೆ ಗೀರು ಎಳೆಯುತ್ತೆ, ಅದು ಪಾಲಿಶ್‌ನಿಂದ ಸುಲಭಕ್ಕೆ ಹೋಗಲ್ಲ. ಡೋರ್ ಪ್ಯಾಡ್ ಮೇಲೆ, ಪವರ್ ವಿಂಡೋ ಸ್ವಿಚ್ ಮೇಲೆ ದಪ್ಪ ಟವೆಲ್ ಹಾಕಿ. ಅಸಿಟೋನ್ ಹತ್ತಿರವೂ ತರಬೇಡಿ, ಪ್ಲಾಸ್ಟಿಕ್ ತಿಂದುಹಾಕುತ್ತೆ.

ಹಿಂದಿನ ಗಾಜು ಬೇರೆಯೇ ಕೆಲಸ. ಇಲ್ಲಿ ಬ್ಲೇಡ್ ಇಲ್ಲ, ಸ್ಟೀಲ್ ವೂಲ್ ಇಲ್ಲ, ಒರಟು ಸ್ಕ್ರಬರ್ ಕೂಡ ಇಲ್ಲ. ಬಿಸಿಲಿನಲ್ಲಿ ನಿಲ್ಲಿಸಿ ಹೊರಗಿನಿಂದ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಸೋಪು ನೀರಿನಿಂದ ಅಂಟಿಸಿ. ಗಾಜು ಕೈಗೆ ಸುಡುವಷ್ಟು ಕಾದ ಮೇಲೆ ಒಳಗಿನಿಂದ ಸ್ಟೀಮ್ ಕೊಡಿ. ಎಳೆಯುವುದು ಗೆರೆಗಳು ಹೋಗುವ ದಿಕ್ಕಿನಲ್ಲೇ, ಅಡ್ಡಡ್ಡ ಅಲ್ಲ. ಎರಡೂ ಬದಿಯಲ್ಲಿ ವೈರ್ ಬಂದು ಸೇರುವ ಬೆಸುಗೆಯ ಟ್ಯಾಬ್ ಇರುತ್ತೆ, ಅಲ್ಲಿ ಜೀವ ಕೈಯಲ್ಲಿ ಹಿಡಿದು ಕೆಲಸ ಮಾಡಬೇಕು: ಒಂದು ಗೆರೆ ಕಡಿದರೆ ಒಂದೇ ಗೆರೆ ಸಾಯುತ್ತೆ, ಟ್ಯಾಬ್ ಕಿತ್ತರೆ ಇಡೀ ಗಾಜೇ ಬಿಸಿಯಾಗಲ್ಲ. ಉಳಿದ ಅಂಟನ್ನು ಆಲ್ಕೋಹಾಲ್ ಹಾಕಿ ಮೆತ್ತಗಿನ ಬಟ್ಟೆಯಲ್ಲಿ, ಅದೂ ಗೆರೆಯುದ್ದಕ್ಕೇ ಉಜ್ಜಿ. ಬೇಸರ ಬರುವಷ್ಟು ಹೊತ್ತು ಹಿಡಿಯುತ್ತೆ, ಹಿಡಿಯಲಿ.

ಅಮೋನಿಯಾ ಬಳಸಲೇಬೇಕು ಅನ್ನುವವರು ಬಾಗಿಲುಗಳೆಲ್ಲ ತೆರೆದಿಡಿ, ಕೈಗವಸು ಕನ್ನಡಕ ಹಾಕಿ, ಸ್ಪೀಕರ್ ಮತ್ತು ಸೀಟು ಮುಚ್ಚಿ. ಬ್ಲೀಚ್ ಇರುವ ಯಾವುದರ ಜೊತೆಗೂ ಅದನ್ನು ಸೇರಿಸಬೇಡಿ. ವಿಷಾನಿಲ ಬರುತ್ತೆ, ಮುಚ್ಚಿದ ಕಾರಿನಲ್ಲಿ ಪ್ರಾಣಕ್ಕೇ ಅಪಾಯ. ಆ ಕಿಟ್ಟಿನ ಹಾಳೆಯಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ಇದಕ್ಕೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು.

ಈಗಾಗಲೇ ಗೆರೆ ಕಡಿದಿದ್ದರೆ ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್) ತಗೊಳ್ಳಿ. ಡಿಫಾಗರ್ ಆನ್ ಮಾಡಿ, ಕಪ್ಪು ತುದಿಯನ್ನು ಗ್ರೌಂಡ್ (ನೆಗೆಟಿವ್) ಬದಿಯ ದಪ್ಪ ಪಟ್ಟಿಗೆ ಇಟ್ಟು, ಕೆಂಪು ತುದಿಯನ್ನು ಎದುರು ಬದಿಯಿಂದ ಶುರುಮಾಡಿ ಗೆರೆಯ ಮೇಲೆ ಮೆಲ್ಲಗೆ ಸರಿಸಿ. ಸರಿಯಿರುವ ಗೆರೆಯಲ್ಲಿ ಸುಮಾರು 12 ವೋಲ್ಟ್‌ನಿಂದ ಹಂತಹಂತವಾಗಿ ಇಳಿದು ನಡುವೆ 6ರ ಹತ್ತಿರ ಬರುತ್ತೆ. ಕಡಿದ ಗೆರೆಯಲ್ಲಿ 12 ಹಾಗೇ ನಿಂತು, ಒಂದು ಜಾಗ ದಾಟುತ್ತಲೇ ಸೊನ್ನೆಗೆ ಬೀಳುತ್ತೆ. ಆ ಜಾಗವೇ ತುಂಡು. ಡಿಫಾಗರ್ ಆಫ್ ಮಾಡಿ, ಆಲ್ಕೋಹಾಲ್‌ನಲ್ಲಿ ಒರೆಸಿ, ಮೇಲೆ ಕೆಳಗೆ ಟೇಪ್ ಅಂಟಿಸಿ, ಬೆಳ್ಳಿಯ ಕಂಡಕ್ಟಿವ್ (ಕರೆಂಟ್ ಹರಿಯುವ) ಪೇಂಟ್ ತೆಳುವಾಗಿ ಹಚ್ಚಿ, ಪೂರ್ತಿ ಒಣಗುವ ತನಕ ಸ್ವಿಚ್ ಮುಟ್ಟಬೇಡಿ. ಒಂದೆರಡು ತುಂಡಿಗೆ ಇದು ಸರಿ. ನನ್ನ ಗಾಜಿನ ಹಾಗೆ ಸಾಲುಸಾಲು ಹೋಗಿದ್ದರೆ ಗಾಜನ್ನೇ ಬದಲಿಸಬೇಕು. ಟ್ಯಾಬ್ ಕಿತ್ತಿದ್ದರೆ ಸೂಪರ್ ಗ್ಲೂ ಹಾಕಬೇಡಿ, ಅದರಲ್ಲಿ ಕರೆಂಟ್ ಹರಿಯಲ್ಲ. ಬೆಳ್ಳಿ ಬೆರೆಸಿದ ಕಂಡಕ್ಟಿವ್ ಎಪಾಕ್ಸಿ ಬೇಕು.

ಇಷ್ಟು ಹೇಳಿದ ಮೇಲೂ ಕಿಟ್ ತರಿಸುವವರು, ಮಾರಾಟದ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಫಿಲ್ಮ್ ಮುಟ್ಟುವ ಮುಂಚೆ ಮಂಜು ಕಟ್ಟಿದ ಹಿಂದಿನ ಗಾಜಿನಲ್ಲಿ ಡಿಫಾಗರ್ ಹಾಕಿ, ಎಲ್ಲ ಗೆರೆಯೂ ಮಂಜು ಕರಗಿಸುವುದರ ವಿಡಿಯೋ ಮಾಡಿ. "ಗೆರೆ ಮೊದಲೇ ಸತ್ತಿತ್ತು" ಅಂತ ಅವರು ಹೇಳೇ ಹೇಳುತ್ತಾರೆ.