ಅಮಿಟ್ರಿಪ್ಟಿಲಿನ್ 10: ತಲೆನೋವಿಗೆ ಒಳ್ಳೇದು, ರಾಯಚೂರಿನ ಬ್ಯಾಸಿಗಿಗೆ ಕಷ್ಟ

ದಿನಾ ಕಾಡುವ ತಲೆನೋವಿಗೆ ರಾತ್ರಿ ತಗೊಳ್ಳುವ ಈ ಗುಳಿಗೆಗೆ ನವೆಂಬರ್‌ನಿಂದ ಫೆಬ್ರುವರಿವರೆಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಏಪ್ರಿಲ್, ಮೇ ತಿಂಗಳಿಗೆ ಎರಡು, ಅದೂ ಕಷ್ಟಪಟ್ಟು. ಗುಳಿಗೆ ಅದೇ, ಡೋಸೂ ಅದೇ, ಬಿಸಿಲು ಮಾತ್ರ ಬೇರೆ. ಬೆಂಗಳೂರಲ್ಲಿ ಕೂತು ಇದೇ ಗುಳಿಗೆ ನುಂಗುವವರಿಗೆ ಈ ದೂರು ಅರ್ಥ ಆಗಲಿಕ್ಕಿಲ್ಲ.

ಡಬ್ಬಿಯೊಳಗಿನ ಚೀಟಿಯಲ್ಲಿ ಡಿಪ್ರೆಶನ್ ಅಂತ ಓದಿ ಮನೆಯವರು ಗಾಬರಿಯಾಗೋದು ಸಾಮಾನ್ಯ. 1961ರಿಂದ ಬಳಕೆಯಲ್ಲಿರುವ ಔಷಧ ಇದು. ಮನಸ್ಸಿನ ಕಾಯಿಲೆಗೆ ದಿನಕ್ಕೆ 75ರಿಂದ 150 ಮಿಲಿಗ್ರಾಂವರೆಗೆ ಕೊಡ್ತಾರೆ. ತಲೆನೋವಿಗೆ ಶುರುವಾಗೋದು 10ರಿಂದ, ಒಂದೆರಡು ವಾರಕ್ಕೊಮ್ಮೆ ಹತ್ತತ್ತು ಏರಿಸಿ ಬಹಳ ಮಂದಿಗೆ 25ರಿಂದ 50ರೊಳಗೆ ನಿಲ್ಲಿಸ್ತಾರೆ. ಕೆಲವರಿಗೆ 10ರಲ್ಲೇ ಸಾಕಾಗುತ್ತೆ.

ಇದು ನೋವಿನ ಗುಳಿಗೆ ಅಲ್ಲ. ತಲೆ ಸಿಡಿಯುತ್ತಿರುವಾಗ ಒಂದು ಜಾಸ್ತಿ ನುಂಗಿದರೆ ನಿದ್ದೆ ಬರಬಹುದು, ನೋವು ಹೋಗೋದಿಲ್ಲ. ದಿನಾ ತಗೊಂಡರೆ ಆರರಿಂದ ಎಂಟು ವಾರಕ್ಕೆ ಪರಿಣಾಮ ಕಾಣಲು ಶುರು. ಎರಡು ವಾರಕ್ಕೇ "ಏನೂ ಆಗ್ಲಿಲ್ಲ" ಅಂತ ಬಿಟ್ಟವರೇ ಹೆಚ್ಚು. ಇನ್ನೊಂದು ಅಡ್ಡಿ ಅದಕ್ಕಿಂತ ದೊಡ್ಡದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತರದವನ್ನ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಕೆಫೀನ್ ಸೇರಿದ ಮಿಶ್ರ ಗುಳಿಗೆ ಇಲ್ಲವೇ ಮೈಗ್ರೇನಿಗೆ ಅಂತಲೇ ಕೊಡುವ ಟ್ರಿಪ್ಟಾನ್ ಗುಳಿಗೆಗಳನ್ನ 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿ ತಿಂದರೆ ಆ ಗುಳಿಗೆಯೇ ತಲೆನೋವು ತರುತ್ತೆ. ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕತ್ತರಿಸಿ ಕೊಡುವ ಗುಳಿಗೆಗೆ ಲೆಕ್ಕ ಇಡೋರು ಯಾರು? ಅದನ್ನ ಹಾಗೇ ಮುಂದುವರಿಸಿ ರಾತ್ರಿ ಅಮಿಟ್ರಿಪ್ಟಿಲಿನ್ ನುಂಗಿದರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ನೋವಿನ ಗುಳಿಗೆ ಬಿಟ್ಟ ಮೇಲೆ ಎರಡರಿಂದ ಹತ್ತು ದಿನ ತಲೆನೋವು ಮೊದಲಿಗಿಂತ ಜೋರಾಗುತ್ತೆ. ಆ ದಿನಗಳನ್ನ ಹೇಗೆ ದಾಟಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಕೇಳಿಕೊಂಡಿರಬೇಕು.

ಇನ್ನು ತಗೊಳ್ಳುವ ಹೊತ್ತು. ಮಲಗುವಾಗ ಅಂತ ಚೀಟಿಯಲ್ಲಿ ಇರುತ್ತೆ, ಜನ ಹನ್ನೊಂದಕ್ಕೆ ನುಂಗ್ತಾರೆ, ಬೆಳಗಿನ ಜಾವ ನಲ್ಲಿ ನೀರು ಬಂದಾಗ ಎದ್ದರೆ ತಲೆ ಮಂಕು ಮಂಕು. ರಕ್ತದಲ್ಲಿ ಇದರ ಮಟ್ಟ ಏರಲು ಕೆಲವು ಗಂಟೆ ಬೇಕು, ಇಳಿಯಲು ಇನ್ನೂ ಹೊತ್ತು ಬೇಕು. ಏಳೂವರೆ, ಎಂಟಕ್ಕೇ ತಗೊಂಡರೆ ಹತ್ತಕ್ಕೆ ಕಣ್ಣು ತಾನಾಗೇ ಎಳೆಯುತ್ತೆ, ಬೆಳಿಗ್ಗೆ ಹಗುರ. ಊಟದ ಮೊದಲೋ ಆಮೇಲೋ ಅನ್ನೋದು ಮುಖ್ಯ ಅಲ್ಲ, ದಿನಾ ಒಂದೇ ಹೊತ್ತು ಅನ್ನೋದು ಮುಖ್ಯ. ಅಗಿಯಬಾರದು. ಮೇಲಿನ ಲೇಪ ಒಡೆದರೆ ಮೊದಲು ಕಹಿ, ಆಮೇಲೆ ಉರಿ, ಕೊನೆಗೆ ನಾಲಿಗೆಯ ಆ ಜಾಗ ಜೋಮು ಹಿಡಿಯುತ್ತೆ. ಹಾಸಿಗೆಯಿಂದ ಏಳುವಾಗ ಕಾಲು ಕೆಳಗಿಟ್ಟು ಒಂದು ನಿಮಿಷ ಕೂತು ಆಮೇಲೆ ನಿಲ್ಲಬೇಕು. ದಡಕ್ಕನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತೆ.

ಇದರಲ್ಲಿ ಎಣಿಸದೇ ಸಿಗುವ ಸುಖ ಅಂದರೆ ನಿದ್ದೆ. ತಲೆನೋವು ಇನ್ನೂ ಕಮ್ಮಿ ಆಗಿರೋದಿಲ್ಲ, ಆದರೆ ಮೊದಲ ವಾರದಲ್ಲೇ ನಡುರಾತ್ರಿ ಎಚ್ಚರ ಆಗೋದು ನಿಲ್ಲುತ್ತೆ. ನಿದ್ದೆ ಸರಿಹೋದ ಮೇಲೆ ಕುತ್ತಿಗೆ, ಭುಜದ ಬಿಗಿತವೂ ಸಡಿಲ. ಈ ಬೆಲೆಗೆ ಇಷ್ಟು ಸಿಕ್ಕರೆ ದೂರಲು ಏನಿದೆ ಅನ್ನಿಸುತ್ತೆ. ಒಂದು ಗುಳಿಗೆಗೆ ಊರೊಳಗಿನ ತೀನ್ ಕಂದೀಲ್ ಸರ್ಕಲ್ಲಿನ ಒಂದು ಕಪ್ ಚಹಾದಷ್ಟೂ ಇಲ್ಲ, ಜನೌಷಧಿ ಕೇಂದ್ರದಲ್ಲಿ ಸಿಕ್ಕರೆ ಇನ್ನೂ ಅಗ್ಗ.

ಮಾರ್ಚ್ ಬರಲಿ, ಆಗ ಗೊತ್ತಾಗುತ್ತೆ.

ಈ ಔಷಧ ಜೊಲ್ಲಿನ ಗ್ರಂಥಿಗಳನ್ನ ಒಣಗಿಸುತ್ತೆ, ಬೆವರನ್ನೂ ಕಮ್ಮಿ ಮಾಡುತ್ತೆ. ಚಳಿಗಾಲದಲ್ಲಿ ಇದು ಬರೀ ಕಿರಿಕಿರಿ. ಖಡಕ್ ರೊಟ್ಟಿ ಗಂಟಲಲ್ಲಿ ಇಳಿಯೋದಿಲ್ಲ, ಸಾರಲ್ಲಿ ಅದ್ದಿ ತಿನ್ನಬೇಕು. ಮಂಡಕ್ಕಿ ಒಗ್ಗರಣಿ ಜೊತೆ ಮಿರ್ಚಿ ಕಚ್ಚಿದರೆ ಒಣ ಬಾಯಲ್ಲಿ ಉರಿ ಎರಡು ಪಟ್ಟು. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್, ಒಂದು ಲವಂಗ, ನಾಲ್ಕು ಸೋಂಪಿನ ಕಾಳು ಇದ್ದರೆ ಜೊಲ್ಲು ಸ್ವಲ್ಪ ಬರುತ್ತೆ. ಸಿಹಿ ಸೋಡಾ, ಪೆಪ್ಪರಮಿಂಟ್ ಬೇಡ, ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕು ಹಿಡಿಯುತ್ತೆ.

42 ಡಿಗ್ರಿಯಲ್ಲಿ ಇದು ಕಿರಿಕಿರಿಯಾಗಿ ಉಳಿಯೋದಿಲ್ಲ. ಮೈ ತಣ್ಣಗಾಗೋದು ಬೆವರಿನಿಂದ. ಬೆವರೇ ಸರಿಯಾಗಿ ಬರದಿದ್ದರೆ ಮಾನ್ವಿಯ ಗದ್ದೆಯಲ್ಲಿ, ಗಂಜ್‌ನ ಹಮಾಲಿ ಕೆಲಸದಲ್ಲಿ, ಗಾಳಿಯಿಲ್ಲದ ತಗಡಿನ ಶೆಡ್‌ನಲ್ಲಿ ಇರೋರಿಗೆ ಕಾವು ಒಳಗೇ ಉಳಿಯುತ್ತೆ. ಚರ್ಮ ಬಿಸಿಯಾಗಿದೆ, ಆದರೆ ಒಣಗಿದೆ, ತಲೆ ತಿರುಗ್ತಿದೆ, ಮಾತು ತೊದಲ್ತಿದೆ ಅಂದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ಕರಕೊಂಡು ಬಂದು ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಾ ಆಸ್ಪತ್ರೆಗೆ ಹೊರಡಬೇಕು.

ಇದಕ್ಕಿಂತ ಮೋಸದ ವಿಷಯ ಬಾಯಾರಿಕೆಯ ಲೆಕ್ಕ ತಪ್ಪೋದು. ಬಾಯಿ ಯಾವಾಗಲೂ ಒಣಗಿರುತ್ತೆ, ಹಾಗಾಗಿ ಮೈಯಲ್ಲಿ ನೀರು ಕಮ್ಮಿಯಾಗಿದೆಯೋ ಅಥವಾ ಗುಳಿಗೆಯ ಒಣಗೋ ಅಂತ ನಾಲಿಗೆಯಿಂದ ಹೇಳಲಾಗದು. ನೋಡಬೇಕಾದ್ದು ಮೂತ್ರದ ಬಣ್ಣ. ತಿಳಿ ಹಳದಿ ಇದ್ದರೆ ಸರಿ, ಗಾಢ ಹಳದಿ ಅಥವಾ ದಿನಕ್ಕೆ ಎರಡೇ ಸಲ ಹೋಗ್ತಿದ್ದರೆ ನೀರು ಸಾಲದು. ಬರೀ ನೀರಷ್ಟೇ ಅಲ್ಲ, ಉಪ್ಪು ಹಾಕಿದ ಮಜ್ಜಿಗೆ ಬೇಕು. ಬಿಸಿಲಲ್ಲಿ ಮೈಮುರಿದು ದುಡಿದ ದಿನ ಓಆರ್‌ಎಸ್ ಪ್ಯಾಕೆಟ್ಟನ್ನ ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಕುಡಿಯಬೇಕು. ಬಿಪಿ, ಕಿಡ್ನಿ ತೊಂದರೆ ಇದ್ದವರು ಮಾತ್ರ ಉಪ್ಪಿನ ಬಗ್ಗೆ ಡಾಕ್ಟರನ್ನ ಕೇಳಿ.

ನೀರು ಕಮ್ಮಿಯಾದರೆ ಮೈಗ್ರೇನ್ ಕೆರಳುತ್ತೆ. ಅಂದರೆ ಮೇ ತಿಂಗಳಲ್ಲಿ ತಲೆನೋವು ಮತ್ತೆ ಶುರುವಾದಾಗ ಗುಳಿಗೆ ಕೆಲಸ ಮಾಡ್ತಿಲ್ಲ ಅನ್ನಿಸುತ್ತೆ. ಡೋಸ್ ಏರುತ್ತೆ, ಬಾಯಿ ಇನ್ನೂ ಒಣಗುತ್ತೆ, ಬೆವರು ಇನ್ನೂ ಕಮ್ಮಿ, ತಲೆನೋವು ಮತ್ತೆ. ನಮ್ಮ ಕಡೆ ಈ ಗುಳಿಗೆ ಕೆಟ್ಟ ಹೆಸರು ತಗೊಂಡಿರೋದು ಹೀಗೇ ಅಂತ ನನ್ನ ಅಂದಾಜು. ಬ್ಯಾಸಿಗಿಯಲ್ಲಿ ಡೋಸ್ ಏರಿಸುವ ಮಾತು ಬಂದರೆ, ಮೊದಲು ಒಂದು ವಾರ ನೀರು, ಉಪ್ಪು, ನೆರಳಿನ ಹೊತ್ತು ಸರಿ ಮಾಡಿ ನೋಡೋಣವಾ ಅಂತ ಡಾಕ್ಟರನ್ನೇ ಕೇಳೋದು ಒಳ್ಳೇದು.

ಹಾಗಾದರೆ ಬದಲಿ ಏನು? ಟೋಪಿರಾಮೇಟ್ ಬಹಳ ಕಡೆ ಬರೀತಾರೆ. ಬಿಸಿಲಿನ ಮಟ್ಟಿಗೆ ಅದು ಇನ್ನೂ ತರಲೆ. ಅದೂ ಬೆವರು ಕಮ್ಮಿ ಮಾಡುತ್ತೆ, ಮೇಲೆ ಕಿಡ್ನಿಯಲ್ಲಿ ಕಲ್ಲು ಕಟ್ಟುವ ಸಾಧ್ಯತೆ ಹೆಚ್ಚಿಸುತ್ತೆ. ಬೆರಳ ತುದಿ ಜುಮ್ ಅನ್ನುತ್ತೆ, ಸೋಡಾ ಕುಡಿದರೆ ಸಪ್ಪೆ ಅನ್ನಿಸುತ್ತೆ, ಗರ್ಭಿಣಿಯರಿಗೆ ಬೇಡವೇ ಬೇಡ. ಪ್ರೊಪ್ರಾನೊಲಾಲ್ ಬಾಯಿ ಒಣಗಿಸೋದಿಲ್ಲ, ಆದರೆ ನಾಡಿ ನಿಧಾನ ಮಾಡುತ್ತೆ, ಬಿಸಿಲಲ್ಲಿ ದುಡಿಯುವವರಿಗೆ ಸುಸ್ತು ಜಾಸ್ತಿ, ಅಸ್ತಮಾ ಇದ್ದವರು ಮುಟ್ಟಲೇಬಾರದು. ಫ್ಲುನಾರಿಜಿನ್‌ನಿಂದ ನಿದ್ದೆ ಬರುತ್ತೆ, ತೂಕ ಏರುತ್ತೆ, ಮನಸ್ಸು ಕುಗ್ಗಿದರೆ ತಕ್ಷಣ ಹೇಳಬೇಕು, ವಯಸ್ಸಾದವರಲ್ಲಿ ಕೈನಡುಕ ತರಬಹುದು. ದಿನಾ ಹಗ್ಗ ಬಿಗಿದಂಥ ನೋವಿದ್ದು ನಿದ್ದೆಯೂ ಕೆಟ್ಟವರಿಗೆ ಅಮಿಟ್ರಿಪ್ಟಿಲಿನ್ ಮೊದಲು, ವಾಂತಿ, ಬೆಳಕಿನ ಕಿರಿಕಿರಿ ಜೊತೆ ಬರುವ ಮೈಗ್ರೇನಿಗೆ ಪ್ರೊಪ್ರಾನೊಲಾಲ್ ಬಗ್ಗೆಯೂ ಕೇಳಿ ಅನ್ನೋದು ನನ್ನ ಲೆಕ್ಕ. ಬೊಟಾಕ್ಸ್ ಚುಚ್ಚುಮದ್ದು 12 ವಾರಕ್ಕೊಮ್ಮೆ, 31 ಕಡೆ, ಒಟ್ಟು 155 ಯೂನಿಟ್. ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವು ಇರುವ ದೀರ್ಘಕಾಲದ ಮೈಗ್ರೇನಿಗೆ ಮಾತ್ರ ಅದು, ಖರ್ಚು ನಮ್ಮಂಥವರ ಕೈಗೆ ಎಟುಕದು.

ಅಂಗಡಿಯಲ್ಲಿ ಒಂದು ಎಚ್ಚರ. ಇದು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧ. 10 ಇಲ್ಲ ಅಂದಾಗ "ಇದೂ ಅದೇ" ಅಂತ ಕ್ಲೋರ್‌ಡಯಾಜೆಪಾಕ್ಸೈಡ್ ಸೇರಿದ ಜೋಡಿ ಗುಳಿಗೆ ಕೊಟ್ಟರೆ ತಗೋಬೇಡಿ. ಅದರೊಳಗಿನ ಎರಡನೇ ಔಷಧ ಚಟ ಹಿಡಿಸುವಂಥದ್ದು. ಪಟ್ಟಿಯ ಹಿಂದೆ ಅಮಿಟ್ರಿಪ್ಟಿಲಿನ್ ಒಂದೇ ಹೆಸರು ಇರಬೇಕು. ನೆಗಡಿ ಗುಳಿಗೆ, ಟ್ರಮಡಾಲ್ ಅನ್ನೋ ನೋವಿನ ಗುಳಿಗೆ, ಕುಡಿತ ಇದರ ಜೊತೆ ಸೇರಬಾರದು. ಕಣ್ಣಿನ ಗ್ಲಾಕೋಮಾ, ಪ್ರೊಸ್ಟೇಟ್‌ನಿಂದ ಮೂತ್ರ ಕಟ್ಟೋದು, ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಬೇಕು, ವಯಸ್ಸಾದವರಿಗೆ ಇಸಿಜಿ ಮಾಡಿಸಿ ಶುರು ಮಾಡೋದು ಕ್ಷೇಮ. ಹಟ್ಟಿ ಗಣಿಯಲ್ಲಿ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಪಾಳಿ ಮಾಡೋರು ಎಷ್ಟು ಹೊತ್ತಿಗೆ ತಗೋಬೇಕು ಅಂತ ಪಾಳಿಯ ಪಟ್ಟಿ ತೋರಿಸಿಯೇ ಕೇಳಿ. ಈ ಗುಳಿಗೆ ತರುವ ಮಲಬದ್ಧತೆಗೆ ಜೋಳದ ರೊಟ್ಟಿ, ಪುಂಡಿಪಲ್ಯ ಒಳ್ಳೇದು. ಸಣ್ಣ ಮಕ್ಕಳಿಗೆ ನಾಲ್ಕೈದು ಗುಳಿಗೆಯೂ ಜೀವಕ್ಕೆ ಅಪಾಯ, ಎತ್ತರದಲ್ಲಿ ಬೀಗ ಹಾಕಿಡಿ.

ಮೊದಲ ಭೇಟಿಗೇ ಬೆಂಗಳೂರಿನ ನಿಮ್ಹಾನ್ಸ್, ಹೈದರಾಬಾದ್ ಅಂತ ಓಡಬೇಕಿಲ್ಲ. ರಾಯಚೂರಿನ ರಿಮ್ಸ್‌ನ ಹೊರರೋಗಿ ವಿಭಾಗದಲ್ಲೇ ಶುರುವಾಗಬಹುದು. ಆದರೆ ಸಿಡಿಲು ಬಡಿದಂತೆ ಒಮ್ಮೆಗೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆತ, ಕೈಕಾಲು ಸೋಲುವುದು, ಮಾತು ತೊದಲುವುದು ಇದ್ದರೆ ಅದೇ ದಿನ ತುರ್ತು ವಿಭಾಗಕ್ಕೆ. ವಯಸ್ಸು 50 ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವಿಗೆ ಈ ಗುಳಿಗೆ ಕೇಳುವ ಮೊದಲು ತಪಾಸಣೆ ಬೇಕು.

ಡಾಕ್ಟರ ಮುಂದೆ ಕೂರುವಾಗ ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಒಂದಿದ್ದರೆ ಸಾಕು. ನೋವಿದ್ದ ದಿನಕ್ಕೆ ಗೀಟು, ನೋವಿನ ಗುಳಿಗೆ ನುಂಗಿದ ದಿನಕ್ಕೆ ಸುತ್ತು. ಮೂರು ತಿಂಗಳಿಗೆ ಗೀಟು ಅರ್ಧಕ್ಕೆ ಇಳಿದರೆ ಔಷಧ ಗೆದ್ದ ಹಾಗೆ. ಆರರಿಂದ ಹನ್ನೆರಡು ತಿಂಗಳು ನಡೆಸಿ, ಡಾಕ್ಟರು ಹೇಳಿದ ಹಾಗೆ ಹತ್ತತ್ತು ಇಳಿಸುತ್ತಾ ನಿಲ್ಲಿಸಬೇಕು. ಒಮ್ಮೆಗೇ ಬಿಟ್ಟರೆ ವಾಕರಿಕೆ, ಚಡಪಡಿಕೆ, ನಿದ್ದೆಗೇಡು, ಜೊತೆಗೆ ಅದೇ ತಲೆನೋವು.